ದೊರ್ಕಳ ಸೂಜಿ, ಕೆಂಜಿಗದ ಗೂಡು

ಬೈಬಲ್ ತೆಗೀರಿ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ, 36ರಿಂದ 42ನೇ ವಚನ. ಮೊಬೈಲಲ್ಲಿ ಓದೋರು ಸ್ವಲ್ಪ ಹೊತ್ತು ವಾಟ್ಸಾಪ್ ಮರೆತುಬಿಡಿ.

ಯೊಪ್ಪ ಸಮುದ್ರ ತೀರದ ಊರು. ಅಲ್ಲಿದ್ದ ತಬಿಥಾ ಅನ್ನೋ ಸಹೋದರಿ, ಗ್ರೀಕಿನಲ್ಲಿ ದೊರ್ಕ, ಕಾಯಿಲೆ ಬಿದ್ದು ತೀರಿಕೊಂಡಳು. ಪಕ್ಕದ ಲುದ್ದದಲ್ಲಿ ಪೇತ್ರ ಇದ್ದಾನೆ ಅಂತ ತಿಳಿದು ಇಬ್ಬರು ಹೋಗಿ ಕರೆದುಕೊಂಡು ಬಂದರು. ಪೇತ್ರ ಮಹಡಿ ಹತ್ತಿದಾಗ ವಿಧವೆಯರು ಸುತ್ತ ನಿಂತು ಅಳ್ತಾ ಅವನಿಗೆ ತೋರಿಸಿದ್ದು ಏನು? ಅಂಗಿಗಳು. ಅವಳು ತಮ್ಮ ಜೊತೆ ಇದ್ದಾಗ ಹೊಲಿದುಕೊಟ್ಟ ಬಟ್ಟೆಗಳು. ಸಾಕ್ಷಿ ಹೇಳೋಕೆ ಅವರ ಹತ್ರ ಇದ್ದದ್ದು ಅದೇ.

ಇನ್ನೊಂದು ಗಮನಿಸಿ. 'ಶಿಷ್ಯೆ' ಅನ್ನೋ ಸ್ತ್ರೀಲಿಂಗ ಪದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಸಾರಿ ಬರುತ್ತೆ, ಅದು ಇವಳಿಗೆ. ಇಡೀ ಭಾಗದಲ್ಲಿ ದೊರ್ಕ ಆಡಿದ ಒಂದು ಮಾತೂ ದಾಖಲಾಗಿಲ್ಲ. ಜೀವ ಬಂದು ಎದ್ದು ಕೂತ ಮೇಲೂ ಇಲ್ಲ!

ಯಾಕೆ ಹೇಳ್ತಿದ್ದೀನಿ ಅಂದ್ರೆ, ಯೂತ್ ಮೀಟಿಂಗ್ ಮುಗಿದ ಮೇಲೆ ನಿಮ್ಮಲ್ಲಿ ಎಷ್ಟೋ ಜನ ಬಂದು ಒಂದೇ ಪ್ರಶ್ನೆ ಕೇಳ್ತೀರಿ. "ಪಾಸ್ಟರ್, ನಂಗೆ ಹಾಡೋಕೆ ಬರಲ್ಲ, ಗಿಟಾರ್ ಬರಲ್ಲ, ಮೈಕ್ ಹಿಡಿದ್ರೆ ಕೈ ನಡುಗುತ್ತೆ. ಕರ್ತನು ನನ್ನನ್ನ ಯಾವುದಕ್ಕೆ ಉಪಯೋಗಿಸ್ತಾನೆ?" ಕೆಲವರು ಈ ಪ್ರಶ್ನೆಯನ್ನ ಮನಸ್ಸಲ್ಲೇ ಇಟ್ಕೊಂಡು ಸಭೆಗೆ ಬರೋದನ್ನೇ ನಿಲ್ಲಿಸಿದ್ರು. ಹಿಂದಿನ ಸಾಲಿನ ಖಾಲಿ ಕುರ್ಚಿಗಳು ನಿಮಗೂ ಕಾಣ್ತಿವೆ.

ಜ್ಞಾನೋಕ್ತಿ 6ರಲ್ಲಿ ಸೋಮಾರಿಗೆ ಸಿಗೋ ಬುದ್ಧಿಮಾತು ಗೊತ್ತಲ್ಲ: ಇರುವೆ ಹತ್ರ ಹೋಗಿ ನೋಡಿ ಕಲಿ ಅಂತ. ನಾವು ವಚನ ಓದ್ತೀವಿ, ಇರುವೆ ಹತ್ರ ಮಾತ್ರ ಹೋಗಲ್ಲ. ಮಲೆನಾಡು, ಕರಾವಳಿ ಕಡೆಯವರು ಊರಿಗೆ ಹೋದಾಗ ಹಿತ್ತಲಿನ ಮಾವಿನ ಮರ ನೋಡಿ. ಹಸಿರೆಲೆಗಳನ್ನ ಸೇರಿಸಿ ಹೊಲಿದ ಚೆಂಡಿನಂಥ ಗೂಡು ಇರುತ್ತೆ. ಕೆಂಜಿಗದ್ದು, ಕೆಲವರು ಚಗಳಿ ಅಂತೀರಿ. ದೂರದಿಂದ ನೋಡಿ, ಕಚ್ಚಿದ್ರೆ ಸಂಜೆವರೆಗೂ ನೆನಪಿರುತ್ತೆ!

ಎರಡು ಎಲೆ ದೂರ ಇದ್ರೆ, ಒಂದು ಇರುವೆ ಇನ್ನೊಂದರ ಸೊಂಟ ಹಿಡಿದು ಸರಪಳಿ ಕಟ್ಟಿ ಎಲೆ ಅಂಚನ್ನ ಎಳೆದು ತರ್ತವೆ. ಆದ್ರೆ ಹೊಲಿಯೋಕೆ ದಾರ? ದೊಡ್ಡ ಇರುವೆಗಳ ಹತ್ರ ಇಲ್ಲ. ಇರೋದು ಗೂಡಿನ ಮರಿಹುಳದ ಹತ್ರ. ಕಾಲಿಲ್ಲ, ನಡೆಯೋಕೆ ಬರಲ್ಲ, ಯಾರಾದ್ರೂ ತಿನ್ನಿಸಬೇಕು. ಆ ಮರಿಯನ್ನ ದೊಡ್ಡ ಇರುವೆ ಬಾಯಲ್ಲಿ ಮೆತ್ತಗೆ ಹಿಡಿದು, ನೇಕಾರ ಲಾಳಿ ಓಡಿಸಿದ ಹಾಗೆ ಈ ಎಲೆಯಿಂದ ಆ ಎಲೆಗೆ ಓಡಾಡಿಸುತ್ತೆ. ಮರಿ ರೇಷ್ಮೆ ಎಳೆ ಬಿಡುತ್ತೆ. ಗೂಡು ನಿಲ್ಲೋದೇ ಆ ಎಳೆಯಿಂದ. ಗೂಡಲ್ಲಿ ಅತಿ ಕೈಲಾಗದ್ದು ಯಾವುದು ಅಂತ ಕೇಳಿದ್ರೆ ನಾವು ಆ ಮರಿಯನ್ನೇ ತೋರಿಸ್ತಿದ್ವಿ, ಅಲ್ವಾ?

ನನ್ನನ್ನ ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಎಷ್ಟೋ ಜಾತಿ ಇರುವೆಗಳ ಮರಿ ತನ್ನ ರೇಷ್ಮೆಯಿಂದ ತನ್ನ ಸುತ್ತ ಕೋಶ ಕಟ್ಟಿಕೊಳ್ಳುತ್ತೆ. ಕೆಂಜಿಗದ ಮರಿ ಕಟ್ಟಿಕೊಳ್ಳಲ್ಲ. ರೇಷ್ಮೆಯೆಲ್ಲ ಗೂಡಿಗೆ ಕೊಟ್ಟಾಗಿದೆ. ಅದು ಬೆತ್ತಲೆಯಾಗಿ ಮಲಗುತ್ತೆ, ಎಲ್ಲರಿಗೂ ಸೇರಿದ ಆ ಎಲೆಮನೆಯೇ ಅದರ ಹೊದಿಕೆ. ಸ್ತೋತ್ರ!

ಇದಕ್ಕೆ ತದ್ವಿರುದ್ಧ ನಮ್ಮ ಬೀರುವಿನಲ್ಲೇ ಇದೆ, ನುಸಿ. ಹಾರಾಡೋ ನುಸಿ ಬಟ್ಟೆ ತಿನ್ನಲ್ಲ, ತಿನ್ನೋದು ಅದರ ಮರಿ, ಅದೂ ಉಣ್ಣೆ, ರೇಷ್ಮೆ. ಮತ್ತಾಯ 6ರಲ್ಲಿ ಯೇಸಪ್ಪ ನುಸಿಯ ಬಗ್ಗೆ ಸುಮ್ನೆ ಎಚ್ಚರಿಸಿಲ್ಲ. ಮದುವೆಗೆ ಒಂದು ಸಲ ಉಟ್ಟು, ಗುಳಿಗೆ ಹಾಕಿ, ಹತ್ತು ವರ್ಷದಿಂದ ಬೀಗ ಹಾಕಿಟ್ಟ ಸೀರೆ ಯಾರ ಮನೇಲಿ ಇಲ್ಲ ಹೇಳಿ? ದೊರ್ಕಳ ಬಟ್ಟೆಗೆ ಆ ಭಯ ಇರಲಿಲ್ಲ. ಅವು ವಿಧವೆಯರ ಮೈಮೇಲೆ ಸವೀತಿದ್ವು.

ಅದಕ್ಕೇ ಶನಿವಾರ ಮಧ್ಯಾಹ್ನ 3 ಗಂಟೆಗೆ ಹಾಲ್‌ನಲ್ಲಿ ಕೌದಿ ಹೊಲಿಯೋಣ. ಸರ್ಕಾರಿ ಆಸ್ಪತ್ರೆಯ ಬಾಣಂತಿ ವಾರ್ಡಿಗೆ, ಮಗುವಿಗೆ ಹೊದಿಸೋ ಪುಟ್ಟ ಕೌದಿ. ಹಳೇ ಕಾಟನ್ ಸೀರೆ ಒಗೆದು ತನ್ನಿ. ಸವೆದಷ್ಟೂ ಮೆತ್ತಗಿರುತ್ತೆ, ಕೂಸಿನ ಚರ್ಮಕ್ಕೆ ಅದೇ ಒಳ್ಳೇದು. ಜರಿ, ಗುಂಡಿ, ಮಣಿ ಬೇಡ. ಮೂರು ಪದರ ಹಾಸಿ, ಅಂಚು ಒಳಗೆ ಮಡಚಿ, ಒಂದು ಮೂಲೆಯಿಂದ ಅಕ್ಕಿಕಾಳಿನಷ್ಟು ಚಿಕ್ಕ ರನ್ನಿಂಗ್ ಸ್ಟಿಚ್ ಹಾಕ್ತಾ ಸುತ್ತಿಕೊಂಡು ನಡುವಿಗೆ ಬರೋದು, ಅಷ್ಟೇ. ಮಧ್ಯದಿಂದ ಶುರು ಮಾಡಬೇಡಿ, ಅಂಚಲ್ಲಿ ಬಟ್ಟೆ ಸುಕ್ಕಾಗಿ ನಿಲ್ಲುತ್ತೆ. ಯಂತ್ರ ಬೇಕಾಗಿಲ್ಲ. ತಮ್ಮಂದಿರೇ, ನಿಮಗೂ ಸೇರಿಸಿಯೇ ಹೇಳ್ತಿದ್ದೀನಿ, ಪೌಲ ಗುಡಾರ ಹೊಲಿದವನು. ಸೂಜಿಗೆ ದಾರ ಪೋಣಿಸೋಕೂ ಬರದಿದ್ರೆ ನಮ್ಮ ಸಭೆಯ ಹಿರಿಯ ಅಮ್ಮಂದಿರ ಪಕ್ಕ ಕೂತ್ಕೊಳ್ಳಿ. ಅವರಲ್ಲಿ ವಿಧವೆಯರೂ ಇದ್ದಾರೆ. ಭಾನುವಾರ ಶೇಕ್‌ಹ್ಯಾಂಡ್ ಕೊಟ್ಟು ಹೋಗ್ತೀವಿ, ಒಂದು ಗಂಟೆ ಪಕ್ಕದಲ್ಲಿ ಕೂತು ಮಾತಾಡಿ ಎಷ್ಟು ದಿನ ಆಯ್ತು?

ಆ ಖಾಲಿ ಕುರ್ಚಿಯವರಿಗೆ ಇವತ್ತೇ ಫೋನ್ ಮಾಡಿ. "ಸಭೆಗೆ ಯಾಕೆ ಬರ್ತಿಲ್ಲ" ಅಂತ ಕೇಳಬೇಡಿ. "ಶನಿವಾರ ಕೈ ಸಾಲ್ತಿಲ್ಲ, ಬರ್ತೀಯಾ?" ಅಂತ ಕೇಳಿ.

ಎದ್ದು ನಿಲ್ಲೋಣ, ಕೈಗಳನ್ನ ಮುಂದೆ ಚಾಚೋಣ. ತಂದೆಯೇ, ಇಲ್ಲಿ ಮೈಕ್ ಹಿಡಿಯದ ಕೈಗಳಿವೆ. ಪೇತ್ರನು ದೊರ್ಕಳ ಕೈಹಿಡಿದು ಎಬ್ಬಿಸಿದ ಹಾಗೆ ಇವುಗಳನ್ನ ಹಿಡಿದುಕೋ. ಈ ವಾರ ಹುಟ್ಟೋ ಆ ಕೂಸುಗಳನ್ನ, ಅವುಗಳ ತಾಯಂದಿರನ್ನ ಕಾಪಾಡು. ಯೇಸುವಿನ ನಾಮದಲ್ಲಿ, ಆಮೆನ್.