ಕಾಯಕದಲ್ಲಿ ಕೂಡಿದ ಕೈಗಳು

ಕಾಯಕವೆಂಬುದು ಕೇವಲ ಹೊಟ್ಟೆ ಹೊರೆಯುವ ದುಡಿಮೆಯಲ್ಲ. ಅದು ಲಿಂಗಪೂಜೆಗೆ ಸಮನಾದ ವ್ರತ. ನೆಯ್ಗೆಯ ಜೇಡರ ದಾಸಿಮಯ್ಯ, ಮಡಕೆಯ ಕುಂಬಾರ ಗುಂಡಯ್ಯ, ಬಿದಿರಿನ ಮೇದಾರ ಕೇತಯ್ಯ, ಇವರಾರೂ ಕಸುಬನ್ನು ತೊರೆದು ಶರಣರಾದವರಲ್ಲ. ಕಸುಬಿನಲ್ಲಿಯೇ ಶಿವನನ್ನು ಕಂಡವರು.

ಕೆಲಗೇರಿಯ ಭಕ್ತರು ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆಶ್ರಯದಲ್ಲಿ ಖಾದಿಯ ರಾಷ್ಟ್ರಧ್ವಜವು ಸಿದ್ಧವಾಗುತ್ತದೆ. ನೂಲುವವರು, ನೆಯ್ಯುವವರು, ಬಣ್ಣ ಹಾಕುವವರು, 24 ಅರಗಳ ಚಕ್ರವನ್ನು ಅಚ್ಚೊತ್ತುವವರು, ಹೊಲಿಯುವವರು, ಹೀಗೆ ಒಂದೇ ಬಟ್ಟೆ ಹಲವು ಕೈಗಳನ್ನು ದಾಟುವುದು; ಆ ಕೈಗಳಲ್ಲಿ ಹೆಚ್ಚಿನವು ತಾಯಂದಿರವು. ಚಕ್ರವು ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದಕ್ಕೊಂದು ಸರಿಯಾಗಿ ಕೂಡಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ನುರಿತವರ ಬಳಿ ಕುಳಿತು ಕೈಯಿಂದ ಕೈಗೆ ಪಡೆಯುವ ದೀಕ್ಷೆ. ನೂಲಿನಲ್ಲಿ ಒಬ್ಬರು ಮಾಡಿದ ತಪ್ಪು ಎಲ್ಲರ ಶ್ರಮವನ್ನೂ ಕೆಡಿಸುವುದು. ಆದುದರಿಂದ ಅಲ್ಲಿ ‘ನಾನು ಮಾಡಿದೆ’ ಎಂಬ ಅಹಂಕಾರಕ್ಕೆ ಎಡೆಯಿಲ್ಲ. ಕಲಿತುದನ್ನು ಬಚ್ಚಿಡುವ ಲೋಭಕ್ಕೂ ಎಡೆಯಿಲ್ಲ. ಅರಿತುದನ್ನು ಹಂಚುವುದೂ ದಾಸೋಹವೇ.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯು ತಿದ್ದುಪಡಿಯಾಗಿ, ಯಂತ್ರದಿಂದಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಅಗ್ಗದ ಸರಕಿನ ಮುಂದೆ ಈ ಕೈಗಳ ಅನ್ನಕ್ಕೆ ಸಂಚಕಾರ ಬಂದಿತು. ಕಾಯಕವನ್ನು ಬಾಯಲ್ಲಿ ಕೊಂಡಾಡಿ, ಕಾಯಕಜೀವಿ ನೆಯ್ದ ಬಟ್ಟೆಯನ್ನು ನಾಲ್ಕು ಕಾಸಿನ ಉಳಿತಾಯಕ್ಕಾಗಿ ಬದಿಗೆ ಸರಿಸುವುದು ಭಕ್ತನಿಗೆ ಒಪ್ಪುವುದೇ? ಮಾಡುವ ಕೈಯಂತೆ ಕೊಳ್ಳುವ ಕೈಯೂ ಶುದ್ಧವಾಗಿರಬೇಕು. ಆಗಲೇ ಗೃಹಸ್ಥನ ಮನೆಯೂ ಕಾಯಕದ ಮಹಾಮನೆಯಾದೀತು.