ಬಂಡಿಮನೆಯೂ ಜಂಗಮತ್ವವೂ



ಅಮೇರಿಕೆಯ ಟೆನೆಸ್ಸಿ ರಾಜ್ಯದಲ್ಲಿ ಉದ್ಯೋಗನಿಮಿತ್ತವಾಗಿ ನೆಲೆಸಿರುವ ಸದ್ಭಕ್ತರೊಬ್ಬರು ನಮಗೆ ಪತ್ರ ಬರೆದು ಎರಡು ಪ್ರಶ್ನೆಗಳನ್ನು ಕೇಳಿರುವರು. ಅವರು ಹೊಸದಾಗಿ ಪಾಪ್‌ಅಪ್ ಕ್ಯಾಂಪರ್ ಎಂಬ ಬಂಡಿಮನೆಯೊಂದನ್ನು ಕೊಂಡಿರುವರು. ಬಟ್ಟೆಯ ಗೋಡೆಗಳುಳ್ಳ ಇಂತಹ ಮನೆಯಲ್ಲಿ ಇಷ್ಟಲಿಂಗಪೂಜೆ ಸಲ್ಲುವುದೇ ಎಂಬುದು ಅವರ ಮೊದಲನೆಯ ಪ್ರಶ್ನೆ. ಹೀಗೆ ಮನೆಯನ್ನೇ ಕಟ್ಟಿಕೊಂಡು ತಿರುಗುವುದು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದಂತಾಗುವುದೇ ಎಂಬುದು ಎರಡನೆಯದು. ಮನೆ ಎಂದರೇನು, ಪೂಜೆಗೆ ಸ್ಥಳವಾವುದು ಎಂಬುದು ಸಂಸಾರಿಗಳೆಲ್ಲರ ಪ್ರಶ್ನೆಯಾದುದರಿಂದ, ಅವರ ಅನುಮತಿ ಪಡೆದು ಇಲ್ಲಿಯೇ ಉತ್ತರಿಸುವೆವು.

ಈ ಬಂಡಿಮನೆಯನ್ನು ಕಾಣದವರಿಗೆ ಅದರ ಸ್ವರೂಪವನ್ನು ತಿಳಿಸಬೇಕು. ಕಾರಿನ ಹಿಂದೆ ಎಳೆದೊಯ್ಯುವಾಗ ಅದು ಚಕ್ರಗಳ ಮೇಲಿನ ತಗ್ಗಾದ ಪೆಟ್ಟಿಗೆಯಂತೆ ಇರುವುದು. ತಂಗುವ ಸ್ಥಳದಲ್ಲಿ ಹಿಡಿಕೆಯನ್ನು ತಿರುಗಿಸಿದರೆ ಮೇಲ್ಛಾವಣಿಯು ಮೆಲ್ಲನೆ ಏಳುವುದು. ಎರಡು ಕೊನೆಗಳಿಂದಲೂ ಮಂಚಗಳು ಹೊರಚಾಚುವುವು. ಸುತ್ತಲೂ ಕ್ಯಾನ್ವಾಸಿನ ಗೋಡೆ ನಿಲ್ಲುವುದು. ಸಂಜೆ ಪೆಟ್ಟಿಗೆಯಾಗಿದ್ದುದು ಅರ್ಧ ತಾಸಿನೊಳಗೆ ಮನೆಯಾಗುವುದು. ಬೆಳಗಾದರೆ ಮತ್ತೆ ಪೆಟ್ಟಿಗೆಯಾಗುವುದು.

ಆದರೆ ಅದನ್ನು ನಿಲ್ಲಿಸುವುದಕ್ಕೆ ಒಂದು ಕ್ರಮವುಂಟು. ಬಂಡಿಯು ಕಾರಿಗೆ ಕಟ್ಟಿರುವಾಗಲೇ, ತಗ್ಗಿನ ಕಡೆಯ ಚಕ್ರದ ಕೆಳಗೆ ಹಲಗೆಯಿಟ್ಟು ಎಡಬಲಗಳನ್ನು ಸಮ ಮಾಡಬೇಕು. ಅನಂತರ ಚಕ್ರಗಳಿಗೆ ತಡೆಗಟ್ಟೆ ಕೊಟ್ಟು ಕಾರನ್ನು ಬಿಡಿಸಬೇಕು. ಮುಂಭಾಗದ ಜಾಕಿನಿಂದ ಹಿಂದುಮುಂದನ್ನು ಸಮ ಮಾಡಿ, ನಾಲ್ಕು ಮೂಲೆಗಳ ಊರೆಗಾಲುಗಳನ್ನು ಇಳಿಸಿ, ಕಡೆಗೆ ಛಾವಣಿಯನ್ನು ಎತ್ತಬೇಕು. ನೆಲ ಸಮವಾಗದೆ ಮಾಡು ಏಳಬಾರದು.

ನಮ್ಮ ಭಕ್ತರು ಮೊದಲ ಯಾತ್ರೆಗೆ ಟೆನೆಸ್ಸಿ ಮತ್ತು ಉತ್ತರ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋದರು. 1934ರಲ್ಲಿ ಸ್ಥಾಪಿತವಾದ ಆ ಉದ್ಯಾನವು ದಟ್ಟವಾದ ಕಾಡುಗಳಿಂದ ಕೂಡಿದ ಪರ್ವತಪ್ರದೇಶ. ಅವರು ತಲಪಿದಾಗ ಕತ್ತಲೆಯಾಗಿತ್ತು, ಮಳೆ ಹಿಡಿದಿತ್ತು. ಅವಸರದಲ್ಲಿ ನೆಲವನ್ನು ಸಮ ಮಾಡದೆಯೇ ಛಾವಣಿಯನ್ನು ಎತ್ತಿದರು. ಬಾಗಿಲು ಚೌಕಟ್ಟಿಗೆ ಕೂಡಲಿಲ್ಲ. ಎಲ್ಲವನ್ನೂ ಇಳಿಸಿ ಮೊದಲಿಂದ ಮಾಡಬೇಕಾಯಿತು. ಮಳೆಯಲ್ಲಿ ನೆನೆಯುತ್ತ ಹಲಗೆ ಹಿಡಿದು ನಿಂತಿದ್ದ ಧರ್ಮಪತ್ನಿಯ ಮೇಲೆ, ಮಕ್ಕಳೆದುರಿಗೆ, ವೃದ್ಧ ತಾಯಿಯ ಎದುರಿಗೆ, ಅವರು ಕೂಗಾಡಿದರು. ಆಡಬಾರದ ಮಾತನ್ನೂ ಆಡಿದರು. ಆ ರಾತ್ರಿ ಸ್ಥಳ ಇಕ್ಕಟ್ಟೆಂದು, ನೆಲ ಒದ್ದೆಯೆಂದು ಪೂಜೆಯನ್ನು ಕೈಬಿಟ್ಟರು. ಇದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಬರೆದಿರುವರು. ತಪ್ಪನ್ನು ತಾನೇ ಹೇಳಿಕೊಳ್ಳುವವನು ಅರ್ಧ ದಾರಿಯನ್ನು ನಡೆದವನೇ ಸರಿ.

ತಾಯಿಯವರಾದರೋ ಕೈಕಾಲು ತೊಳೆದುಕೊಂಡು, ಹೊರಚಾಚಿದ ಮಂಚದ ಮೇಲೆ ಕುಳಿತು, ವಿಭೂತಿ ಧರಿಸಿ, ಕರಸ್ಥಲದಲ್ಲಿ ಲಿಂಗವನ್ನಿಟ್ಟು ಎಂದಿನಂತೆ ಪೂಜೆಯನ್ನು ಪೂರೈಸಿದರು. ಆ ತಾಯಿ ಪತಿಯ ಲಿಂಗೈಕ್ಯದ ತರುವಾಯ ಧಾರವಾಡ ಸೀಮೆಯ ತಮ್ಮ ಮನೆಗೆ ಬೀಗ ಹಾಕಿ ಮಗನಲ್ಲಿಗೆ ಬಂದವರು. ಪೂಜೆ ಮುಗಿದ ಮೇಲೆ ಮಗನಿಗೆ ಇಷ್ಟೇ ಹೇಳಿದರಂತೆ: "ಊರು ಬಿಟ್ಟು ಬರುವಾಗ ಇನ್ನ ನನಗ ಮನೀನ ಇಲ್ಲ ಅಂತ ಅತ್ತಿದ್ದೆ. ಇದು ಅಂಗೈಯಾಗ ಇರೂತನಕ ನಾ ಎಲ್ಲಿ ಕುಂತರೂ ಅದ ನನ್ನ ಮನಿ."

ಮೊದಲನೆಯ ಪ್ರಶ್ನೆಗೆ ಇದಕ್ಕಿಂತ ಮಿಗಿಲಾದ ಉತ್ತರವನ್ನು ನಾವೇನು ಕೊಡಬಲ್ಲೆವು? ಹನ್ನೆರಡನೆಯ ಶತಮಾನದ ಬಸವಾದಿ ಶರಣರು ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವ ನಿಷ್ಠೆಯನ್ನು ಎಲ್ಲರಿಗೂ ತೆರೆದಿಟ್ಟುದು ಏತಕ್ಕೆ? ಭಕ್ತನು ದೇವರನ್ನು ಒಂದು ಕಟ್ಟಡದಲ್ಲಿ ಬಿಟ್ಟು ಹೋಗಬಾರದೆಂದು. ಕಲ್ಲಿನ ಗೋಡೆ ಬೇಡವಾದ ಪೂಜೆಗೆ ಬಟ್ಟೆಯ ಗೋಡೆಯಿಂದ ಊನವುಂಟೇ? ಆ ರಾತ್ರಿ ಪೂಜೆಗೆ ಅಡ್ಡಿಯಾದುದು ಸ್ಥಳವಲ್ಲ, ಸಿಟ್ಟು. ಒಂದೇ ಛಾವಣಿಯ ಕೆಳಗೆ ತಾಯಿಗೆ ಸ್ಥಳ ದೊರೆಯಿತು, ಮಗನಿಗೆ ದೊರೆಯಲಿಲ್ಲ.

ಆದರೆ ಸ್ಥಳವನ್ನು ಅರಿತು ನಡೆಯುವುದೂ ಆಚಾರವೇ. ಬಟ್ಟೆಯ ಗೋಡೆಯ ನಡುವೆ ಎಣ್ಣೆಯ ದೀಪ, ಕರ್ಪೂರ, ಊದುಬತ್ತಿ ಹಚ್ಚಲಾಗದು. ಬ್ಯಾಟರಿಯ ಬೆಳಕು ಸಾಕು, ಮಂತ್ರವಿದ್ದರೆ ಪೂಜೆಗೆ ಕೊರತೆಯಿಲ್ಲ. ಆ ಕಾಡಿನಲ್ಲಿ ಕಪ್ಪು ಕರಡಿಗಳು ಬಹಳವಾಗಿರುವುದರಿಂದ ನೈವೇದ್ಯದ ಹಣ್ಣುಕಾಯಿಗಳನ್ನು ಬಟ್ಟೆಯ ಗೂಡಿನಲ್ಲಿ ಇಡದೆ ಕಾರಿನೊಳಗೆ ಭದ್ರಪಡಿಸಬೇಕು. ಭೂತದಯೆಯೆಂದು ಕರಡಿಗೆ ಉಣಿಸುವುದೂ ಸಲ್ಲದು; ಅದು ಅಲ್ಲಿಯ ಕಾಯಿದೆಗೆ ವಿರುದ್ಧ. ಮನುಷ್ಯರ ಅನ್ನದ ರುಚಿ ಕಂಡ ಕರಡಿ ಜನರ ಅಂಜಿಕೆಯನ್ನು ಕಳೆದುಕೊಂಡು, ಅನೇಕ ವೇಳೆ ಅಧಿಕಾರಿಗಳ ಕೈಯಿಂದಲೇ ಸಾಯಬೇಕಾಗುವುದು. ಪರಿಣಾಮವನ್ನು ಅರಿಯದ ದಯೆ ಕೊಲೆಗೆ ಕಾರಣವಾಗಬಹುದು.

ಇನ್ನು ಎರಡನೆಯ ಪ್ರಶ್ನೆ. ಚಲಿಸುವುದೆಲ್ಲ ಜಂಗಮವಾಗುವುದಾದರೆ ಬಂಡಿಯ ಚಕ್ರವೇ ಪರಮಜಂಗಮವಾಗಬೇಕಾಗಿತ್ತು! ಶರಣರು ಜಂಗಮವೆಂದುದು ಕಾಲಿನ ಚಲನೆಯನ್ನಲ್ಲ, ಎಲ್ಲಿಯೂ ಅಂಟಿಕೊಳ್ಳದ ಅರಿವನ್ನು. ಅಲ್ಲಮಪ್ರಭುಗಳು ಸಂಚರಿಸಿದುದು ಸ್ಥಳಗಳನ್ನು ನೋಡುವ ಆಸೆಯಿಂದಲ್ಲ. ನಾನು, ನನ್ನದು ಎಂಬುದನ್ನು ಹೊತ್ತುಕೊಂಡು ಸಾವಿರ ಹರದಾರಿ ತಿರುಗಿದವನೂ ಸ್ಥಾವರನೇ. ಅದನ್ನು ಇಳಿಸಿದವನು ತನ್ನ ಹೊಲದ ಬದುವನ್ನು ದಾಟದಿದ್ದರೂ ಜಂಗಮಪ್ರೇಮಿಯೇ.

ಈ ಬಂಡಿಮನೆಯೇ ಒಂದು ಪಾಠವನ್ನು ಹೇಳುವುದು. ಅದು ಹೊರಬಲ್ಲ ಗರಿಷ್ಠ ಭಾರವನ್ನು ತಗಡಿನ ಮೇಲೆ ಬರೆದಿರುವರು. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಇರಬೇಕು. ಹಿಂಭಾಗದಲ್ಲಿ ಸಾಮಾನು ಹೆಚ್ಚಾಗಿ ಕೊಂಡಿಯ ಭಾರ ಕಡಿಮೆಯಾದರೆ, ವೇಗದಲ್ಲಿ ಬಂಡಿಯು ಬಾಲದಂತೆ ತೂಗಾಡಿ ಕಾರನ್ನೂ ಎಳೆದು ಕೆಡವಬಲ್ಲುದು. ಇದನ್ನು ಓದಿದಾಗ ನಮಗೆ ಶರಣೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಪತಿ ಮಾರಯ್ಯನವರು ದಿನದ ಕಾಯಕಕ್ಕೆ ಮೀರಿದ ಅಕ್ಕಿಯನ್ನು ತಂದಾಗ, ಇದು ನಮಗೆ ಬೇಡವೆಂದು ಹಿಂದಕ್ಕೆ ಕಳುಹಿಸಿದ ಮಹಾತಾಯಿ ಆಕೆ. ಬೇಡವಾದುದನ್ನು ಹಿಂದೆ ಬಿಡಬಲ್ಲ ವಿವೇಕವಿದ್ದರೆ ಬಂಡಿಯೂ ಸಂಸಾರವೂ ತೂಗಾಡವು. ಆ ವಿವೇಕವನ್ನು ಪತಿಗೆ ಕಲಿಸಿದವಳು ಪತ್ನಿಯೆಂಬುದನ್ನೂ ನಮ್ಮ ಭಕ್ತರು ಮರೆಯದಿರಲಿ.

ಕಡೆಯದಾಗಿ ಒಂದು ಮಾತು. ಮಳೆಯಲ್ಲಿ ನೆನೆದ ಕ್ಯಾನ್ವಾಸನ್ನು ಹಾಗೆಯೇ ಮಡಿಚಿದರೆ, ಮನೆ ತಲಪಿದೊಡನೆ ಮತ್ತೆ ಬಿಚ್ಚಿ ಗಾಳಿಗೆ ಒಣಗಿಸಬೇಕು. ಕೆಲವು ದಿನ ಉದಾಸೀನ ಮಾಡಿದರೆ ಬೂಷ್ಟು ಹಿಡಿದು ಬಟ್ಟೆ ಕೆಡುವುದು. ಅವರು ಮರುದಿನವೇ ಅದನ್ನು ಅಂಗಳದಲ್ಲಿ ಬಿಚ್ಚಿ ಒಣಗಿಸಿದರಂತೆ. ಒಳ್ಳೆಯದಾಯಿತು. ಆದರೆ ಆ ರಾತ್ರಿ ಪತ್ನಿಗೆ ಆಡಿದ ಮಾತನ್ನು ಬಿಚ್ಚಿ ಕ್ಷಮೆ ಬೇಡಿದ ಸಂಗತಿ ಪತ್ರದಲ್ಲಿ ಎಲ್ಲಿಯೂ ಇಲ್ಲ. ಅದಿನ್ನೂ ಒದ್ದೆಯಾಗಿಯೇ ಮಡಿಚಿಟ್ಟಿದೆಯೆಂದು ನಮಗೆ ತೋರುವುದು. ಮುಂದಿನ ಯಾತ್ರೆಗೆ ಹೊರಡುವ ಮೊದಲು ಆ ಕೆಲಸವಾಗಲಿ. ಆಮೇಲೆ ಮೂರು ತಲೆಮಾರಿನವರೂ ಒಂದೇ ಛಾವಣಿಯ ಕೆಳಗೆ ಕುಳಿತು ಲಿಂಗಪೂಜೆ ಮಾಡಲಿ. ಆಗ ಅದು ಎಲ್ಲಿ ನಿಂತರೂ ಮಹಾಮನೆಯೇ ಆಗುವುದು.