ಹೋಲಿಕೆಯೂ ಅಪರಾಧವೆ?

ತರಕಾರಿಗಳಲ್ಲಿ ಬೆಂಡೆಯಷ್ಟು ಸಾಧುವಾದದ್ದು ಇನ್ನೊಂದಿಲ್ಲ. ಹುಳಿಗೂ ಆಗುತ್ತದೆ, ಪಲ್ಯಕ್ಕೂ ಆಗುತ್ತದೆ, ಗೊಜ್ಜಿಗೂ ಆಗುತ್ತದೆ. ಲೋಳೆ ಎಂಬ ಒಂದು ಆಕ್ಷೇಪಣೆಯನ್ನು ಬಿಟ್ಟರೆ ಅದರ ಮೇಲೆ ಬೇರೆ ದೂರನ್ನು ನಾನು ಕೇಳಿಲ್ಲ. ಇಂಥ ಬೆಂಡೆ 2014ರ ಅಕ್ಟೋಬರಿನಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ಪೋಲೀಸರ ಕಣ್ಣಿಗೆ ಗಾಂಜಾ ಆಗಿ ಕಂಡಿತು. ಗಾಂಜಾ ಬೆಳೆಯುವವರನ್ನು ಹುಡುಕುತ್ತ ಹೆಲಿಕಾಪ್ಟರಿನಲ್ಲಿ ಸುತ್ತುತ್ತಿದ್ದವರು ಮೇಲಿನಿಂದ ಒಂದು ಹಿತ್ತಲನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಆಯುಧ ಹಿಡಿದ ಅಧಿಕಾರಿಗಳು, ಜೊತೆಗೊಂದು ಪೋಲೀಸು ನಾಯಿ, ನಿವೃತ್ತ ಗೃಹಸ್ಥರೊಬ್ಬರ ಬಾಗಿಲಲ್ಲಿ ನಿಂತಿದ್ದರು. ಹತ್ತಿರ ಹೋಗಿ ನೋಡಿದಾಗ ಗಿಡ ಬೆಂಡೆಯದು. ಕ್ಷಮೆ ಕೇಳಿ ಹೊರಟುಹೋದರು.

ಓದಿದವರು ನಕ್ಕಿರಬೇಕು. ನಾನೂ ನಕ್ಕೆ. ಆದರೆ ಇದೇ ಬಗೆಯ ಇನ್ನೆರಡು ಪ್ರಸಂಗಗಳನ್ನು ಓದಿದ ಮೇಲೆ ನಗು ಅಷ್ಟು ಸುಲಭವಾಗಿ ಬರಲಿಲ್ಲ. 2017ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ದಾಸವಾಳದ ಸರದಿ. ಪಕ್ಕದ ಮನೆಯ ಮರ ಬಿದ್ದದ್ದನ್ನು ವಿಚಾರಿಸಲು ಬಂದ ವಿಮೆಯ ಪ್ರತಿನಿಧಿಯೊಬ್ಬ ಹಿತ್ತಲಿನ ದಾಸವಾಳದ ಗಿಡಗಳ ಚಿತ್ರ ತೆಗೆದುಕೊಂಡ. ಚಿತ್ರ ಪೋಲೀಸರಿಗೆ ತಲುಪಿತು. ಪೋಲೀಸರು ಮನೆಗೆ ಬಂದರು. ವಯಸ್ಸಾದ ಆ ದಂಪತಿಗಳು ಕೈಕೋಳ ತೊಟ್ಟು ಗಂಟೆಗಟ್ಟಲೆ ಪೋಲೀಸು ಕಾರಿನಲ್ಲಿ ಕುಳಿತಿರಬೇಕಾಯಿತೆಂದು ಅವರು ಬಳಿಕ ಹೂಡಿದ ದಾವೆಯಲ್ಲಿ ಹೇಳಿಕೊಂಡರು. ಅದಕ್ಕೂ ಮೊದಲು, 2012ರ ಏಪ್ರಿಲಿನಲ್ಲಿ, ಕಾನ್ಸಸ್ ಸಂಸ್ಥಾನದ ಒಂದು ಕುಟುಂಬದ ಕಸದ ತೊಟ್ಟಿಯಲ್ಲಿ ಸಿಕ್ಕಿದ ಒದ್ದೆ ಎಲೆಗಳು ಗಾಂಜಾ ಎನಿಸಿಕೊಂಡವು. ಗಂಡ ಹೆಂಡತಿ ಇಬ್ಬರು ಮಕ್ಕಳಿದ್ದ ಆ ಮನೆಗೆ ಬೆಳಗಾಗುವಾಗ ಆಯುಧಧಾರಿಗಳು ನುಗ್ಗಿದರು. ಸಿಕ್ಕಿದ್ದು ನೆಲಮಾಳಿಗೆಯಲ್ಲಿ ಬೆಳೆಸುತ್ತಿದ್ದ ಟೊಮೇಟೊ ಮೊದಲಾದ ತರಕಾರಿ ಗಿಡಗಳು. ಕಸದಲ್ಲಿದ್ದದ್ದು ಹೆಂಡತಿ ಕುಡಿದು ಬಿಸಾಡಿದ ಚಹದ ಎಲೆ! ತಮ್ಮ ಮೇಲೆ ಸಂಶಯ ಏಕೆ ಬಂತೆಂಬುದನ್ನು ತಿಳಿದುಕೊಳ್ಳುವುದಕ್ಕೇ ಆ ದಂಪತಿಗಳು ಸುಮಾರು 25,000 ಡಾಲರು ಖರ್ಚುಮಾಡಬೇಕಾಯಿತು.

ಈ ಮೂರು ಪ್ರಸಂಗಗಳಲ್ಲಿಯೂ ದುಷ್ಟನೆಂದು ಬೊಟ್ಟುಮಾಡಿ ತೋರಿಸಬಹುದಾದವನು ಯಾರೂ ಇಲ್ಲ ಎಂದೇ ಇಟ್ಟುಕೊಳ್ಳೋಣ. ಸಂಶಯಪಟ್ಟವರು ತಮಗೆ ಕಂಡದ್ದನ್ನು ನಂಬಿದರು, ನಂಬಿದ್ದನ್ನು ಮಾಡಿದರು. ಹಾಗಾದರೆ ತಪ್ಪು ಯಾರದು? “ನನಗೆ ಹಾಗೆ ಕಂಡಿತು” ಎಂಬ ಮಾತು ಮನುಷ್ಯನನ್ನು ಎಲ್ಲ ಹೊಣೆಯಿಂದಲೂ ಬಿಡಿಸುತ್ತದೆಯೆ? ನನ್ನನ್ನು ಕಾಡಿದ ಪ್ರಶ್ನೆ ಇದು. ಗಿಡಗಳ ವಿಷಯದಲ್ಲಿ ಹುಟ್ಟಿದರೂ ಇದು ಗಿಡಗಳ ಮಟ್ಟಿಗೆ ನಿಲ್ಲುವ ಪ್ರಶ್ನೆಯಲ್ಲ.

ಮೊದಲು ಗಿಡಗಳ ಮಾತನ್ನೇ ಮುಗಿಸೋಣ. ಗಾಂಜಾ ಗಿಡದ ಎಲೆಯನ್ನು ನೋಡದವರೂ ಅದರ ಚಿತ್ರವನ್ನು ನೋಡಿರುತ್ತಾರೆ. ಬಿಡಿಸಿದ ಹಸ್ತದಂತೆ ಒಂದೇ ತೊಟ್ಟಿನ ತುದಿಯಿಂದ ಹೊರಟ ಐದೋ ಏಳೋ ಒಂಬತ್ತೋ ಕಿರುಎಲೆಗಳು. ಒಂದೊಂದರ ಅಂಚಿಗೂ ಗರಗಸದ ಹಲ್ಲು. ಈ ಹಸ್ತದ ಆಕಾರ ಅದೊಂದರ ಸ್ವತ್ತಲ್ಲ. ಬಾಣಂತಿಯ ಸ್ನಾನಕ್ಕೆ, ಮೈಕೈ ನೋವಿಗೆ ನೀರಿಗೆ ಹಾಕುವ ಲಕ್ಕಿಸೊಪ್ಪಿನಲ್ಲಿ ಮೂರೋ ಐದೋ ಕಿರುಎಲೆಗಳು ಹೀಗೆಯೇ ಹರಡಿಕೊಂಡಿರುತ್ತವೆ. ಉದ್ದನೆಯ ಕೇಸರಗಳನ್ನು ಜೇಡನ ಕಾಲಿನಂತೆ ಚಾಚಿ ಗುಲಾಬಿ ಬಣ್ಣದ ಹೂ ಬಿಡುವ ಕ್ಲಿಯೋಮ್ ಎಂಬ ಉದ್ಯಾನದ ಗಿಡದಲ್ಲಿಯೂ ಹಾಗೆಯೆ. ಮರಗೆಣಸಿನ ಎಲೆ ದೂರದಿಂದ ಹಾಗೆಯೇ ಕಾಣುತ್ತದೆ. ಇನ್ನು ನಮ್ಮ ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯೊಂದಿಗೆ ಅಕ್ಕರೆಯಿಂದ ತಿನ್ನುವ ಪುಂಡಿಪಲ್ಯದ ಪುಂಡಿಯಂತೂ ಎಲೆಯಲ್ಲಿ ಗಾಂಜಾದ ಅವಳಿಯಂತೆ ಇರಬಲ್ಲದು.

ಬೇರೆಮಾಡಿ ತಿಳಿಯುವುದು ಕಷ್ಟವೆ? ಕಷ್ಟವೇನಲ್ಲ, ಹತ್ತಿರ ಹೋಗಬೇಕು ಅಷ್ಟೆ. ಬೆಂಡೆಯ ಎಲೆ ಎಷ್ಟು ಆಳಕ್ಕೆ ಸೀಳಿದ್ದರೂ ಒಂದೇ ಎಲೆ. ಗಾಂಜಾದ್ದು ಬುಡದವರೆಗೂ ಬಿಡಿಬಿಡಿಯಾದ ಕಿರುಎಲೆಗಳ ಕೂಟ. ಮರಗೆಣಸಿನ ಎಲೆಯ ಅಂಚಿಗೆ ಹಲ್ಲಿಲ್ಲ. ಮುರಿದರೆ ಹಾಲು ಬರುತ್ತದೆ. ಲಕ್ಕಿಯ ಎಲೆಯನ್ನು ಮಗುಚಿದರೆ ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ಪುಂಡಿಯ ಎಲೆಯ ಚೂರನ್ನು ಬಾಯಿಗೆ ಹಾಕಿಕೊಂಡರೆ ಹುಳಿ. ಹೂ ಬಂದ ಮೇಲಂತೂ ಸಂಶಯಕ್ಕೆ ಎಡೆಯೇ ಇಲ್ಲ. ಪುಂಡಿಯದು ನಡುವೆ ಕೆಂಗಪ್ಪು ಕಣ್ಣುಳ್ಳ ತಿಳಿಹಳದಿ ಹೂ, ದಾಸವಾಳದ ತಂಗಿಯೆಂದು ನೋಡಿದ ಕೂಡಲೆ ಹೇಳಬಹುದು. ಗಾಂಜಾಕ್ಕೆ ಹೂವೆಂದು ಹೆಸರಿಗೆ ಮಾತ್ರ. ಬಣ್ಣದ ಎಸಳಿಲ್ಲ, ಹಸುರು ಗೊಂಚಲು.

ಪುಂಡಿಗೆ ಲಿನೆಯಸ್ ಇಟ್ಟ ಶಾಸ್ತ್ರೀಯ ಹೆಸರು ‘ಹೈಬಿಸ್ಕಸ್ ಕ್ಯಾನಬಿನಸ್’. ಈ ಹೆಸರಿನಲ್ಲಿ ದೊಡ್ಡ ವಿವೇಕವಿದೆಯೆಂದು ನನಗೆ ತೋರುತ್ತದೆ. ಎರಡನೆಯ ಪದಕ್ಕೆ ಅರ್ಥ ‘ಗಾಂಜಾದಂಥದು’ ಎಂದು. ಹೋಲಿಕೆಯನ್ನು ಆತ ಮುಚ್ಚಿಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದ. ಆದರೆ ಕುಲವನ್ನು ಹೇಳುವ ಮೊದಲನೆಯ ಪದದಲ್ಲಿ ಅದನ್ನು ದಾಸವಾಳದ ಬಳಗಕ್ಕೆ ಸೇರಿಸಿದ. ಏಕೆಂದರೆ ಗಿಡದ ನಂಟನ್ನು ಆತ ಗೊತ್ತುಮಾಡುತ್ತಿದ್ದದ್ದು ಎಲೆಯಿಂದಲ್ಲ, ಹೂವಿನ ಕೇಸರಗಳಿಂದ. ಜಾರ್ಜಿಯಾದಲ್ಲಿ ಸಿಕ್ಕಿಬಿದ್ದ ಬೆಂಡೆ, ಪೆನ್ಸಿಲ್ವೇನಿಯಾದ ದಾಸವಾಳ, ನಮ್ಮ ಪುಂಡಿ ಮೂರೂ ಒಂದೇ ಮನೆತನದವು. ಗಾಂಜಾಕ್ಕೂ ಅವಕ್ಕೂ ಹತ್ತಿರದ ನಂಟಿಲ್ಲ. ಗಾಂಜಾದ ನಿಜವಾದ ರಕ್ತಸಂಬಂಧಿ ಬೀರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ. ಅದಕ್ಕೆ ಲೋಕದಲ್ಲಿ ರಾಜಮರ್ಯಾದೆ ನಡೆಯುತ್ತದೆ!

ನಮ್ಮ ಕಾನೂನು ಕೂಡ ಈ ವಿಷಯದಲ್ಲಿ ಲಿನೆಯಸನ ಕಡೆಗೇ ಇದೆ. 1985ರ ಮಾದಕ ವಸ್ತುಗಳ ಕಾಯಿದೆ ಗಾಂಜಾ ಎಂದರೆ ಏನೆಂದು ಹೇಳುವಾಗ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು ಹೆಸರಿಸುತ್ತದೆ. ಆ ತುದಿಗಳಿಲ್ಲದ ಬರಿಯ ಎಲೆಯನ್ನೂ ಬೀಜವನ್ನೂ ಹೊರಗಿಡುತ್ತದೆ. ಅನುಮತಿಯಿಲ್ಲದೆ ಗಿಡ ಬೆಳೆಸುವುದು ಅಪರಾಧವೇ, ಅದು ಬೇರೆ ಮಾತು. ಆದರೆ ಯಾವ ಎಲೆಯನ್ನು ಕಂಡು ಜನ ಬೆಚ್ಚುತ್ತಾರೋ ಆ ಎಲೆ ಕಾನೂನಿನ ವ್ಯಾಖ್ಯೆಯಲ್ಲಿ ಗಾಂಜಾವೇ ಅಲ್ಲ! ಇದೇ ಕಾಯಿದೆಯ 58ನೆಯ ಪ್ರಕರಣ ಸರಿಯಾದ ಕಾರಣವಿಲ್ಲದೆ ಮನೆ ಹೊಕ್ಕು ಶೋಧಿಸಿದ ಅಧಿಕಾರಿಗೆ ಆರು ತಿಂಗಳವರೆಗೆ, ಬೇಕೆಂದೇ ದ್ವೇಷದಿಂದ ಸುಳ್ಳು ಸುದ್ದಿ ಕೊಟ್ಟು ಅಂಥ ಶೋಧನೆಗೋ ದಸ್ತಗಿರಿಗೋ ಕಾರಣನಾದವನಿಗೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ. ದ್ವೇಷವಿಲ್ಲದೆ, ಆದರೆ ನೆಟ್ಟಗೆ ನೋಡದೆ ಸುದ್ದಿ ಕೊಟ್ಟವನ ವಿಷಯದಲ್ಲಿ ಈ ಪ್ರಕರಣ ಮೌನವಾಗಿದೆ. ಇರಲಿ, ಕಾನೂನು ಎಲ್ಲವನ್ನೂ ಹೇಳಲಾರದು. ಅದು ಸುಮ್ಮನಾದ ಕಡೆ ಮಾತಾಡಬೇಕಾದದ್ದು ನಮ್ಮ ನಮ್ಮ ಅಂತಃಕರಣ.

ಹೋಲಿಕೆಯಿಂದ ಮೋಸಹೋಗುವ ಕಥೆ ನಮ್ಮ ದರ್ಶನಗಳಿಗೆ ಹಳೆಯದು. ಗೌತಮನ ನ್ಯಾಯಸೂತ್ರಗಳು ಸಂಶಯ ಎಂದರೇನೆಂದು ಬಹಳ ನಿಷ್ಕೃಷ್ಟವಾಗಿ ಹೇಳುತ್ತವೆ. ಎರಡು ವಸ್ತುಗಳಿಗೆ ಸಮಾನವಾದ ಗುಣ ಕಾಣುತ್ತದೆ, ಅವನ್ನು ಬೇರ್ಪಡಿಸುವ ವಿಶೇಷ ಗುಣ ಇನ್ನೂ ಕಾಣುವುದಿಲ್ಲ. ಅದನ್ನು ಕಾಣಬೇಕೆಂಬ ಅಪೇಕ್ಷೆಯಿಂದ ಮನಸ್ಸು ತೂಗಾಡುತ್ತದೆ. ಅದೇ ಸಂಶಯ. ಮುಸ್ಸಂಜೆಯಲ್ಲಿ ದೂರದ ಮೋಟುಮರ ‘ಕಂಬವೋ, ಮನುಷ್ಯನೋ’ ಎನಿಸುವುದು ಇದಕ್ಕೆ ಹಿಂದಿನವರು ಕೊಟ್ಟ ನಿದರ್ಶನ. ಇಲ್ಲಿ ನಾನು ಗಮನಿಸುವುದು ಒಂದು ಸೂಕ್ಷ್ಮವನ್ನು. ನೈಯಾಯಿಕರ ಸಂಶಯದೊಳಗೇ ‘ವಿಶೇಷವನ್ನು ಕಾಣಬೇಕು’ ಎಂಬ ತುಡಿತ ಸೇರಿದೆ. ಅವರ ಸಂಶಯ ವಿಚಾರಣೆಯ ಮೊದಲನೆಯ ಮೆಟ್ಟಿಲು. ನಾವು ದಿನಬಳಕೆಯಲ್ಲಿ ಸಂಶಯ ಎನ್ನುವುದು ಬಹುಮಟ್ಟಿಗೆ ಇದರ ತದ್ವಿರುದ್ಧ. ನಮ್ಮದು ವಿಚಾರಣೆಯ ಕೊನೆ. ‘ನನಗೆ ಅವನ ಮೇಲೆ ಸಂಶಯ’ ಎಂದವನು ಮುಂದೆ ನೋಡಲು ಹೋಗುವುದಿಲ್ಲ. ಅವನ ಪಾಲಿಗೆ ತೀರ್ಪು ಆಗಿಹೋಗಿದೆ. ಸಂಶಯ ಎಂಬುದು ಆ ತೀರ್ಪಿಗೆ ಅವನು ಕೊಟ್ಟ ಮರ್ಯಾದೆಯ ಹೆಸರು.

ವೇದಾಂತಿಗಳು ಹೇಳುವ ಹಗ್ಗ ಹಾವಿನ ಮಾತನ್ನು ಯಾರು ಕೇಳಿಲ್ಲ? ಆ ದೃಷ್ಟಾಂತದಲ್ಲಿ ಭ್ರಮೆಗೊಂಡವನೇ ನಷ್ಟಪಡುವವನು. ಹೆದರುವವನು ಅವನು, ಬೆವರುವವನು ಅವನು. ದೀಪ ತಂದಾಗ ನೆಮ್ಮದಿಯಾಗುವುದೂ ಅವನಿಗೆ. ಹಗ್ಗಕ್ಕೆ ಏನೂ ಆಗುವುದಿಲ್ಲ. ಆದರೆ ಹೆದರಿದವನ ಕೈಯಲ್ಲಿ ದೊಣ್ಣೆಯಿದ್ದು, ಬಿದ್ದಿರುವುದು ಹಗ್ಗವಲ್ಲದೆ ಮಲಗಿರುವ ಮನುಷ್ಯನಾಗಿದ್ದರೆ? ಆಗ ಭ್ರಮೆ ಬರಿಯ ಜ್ಞಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಧರ್ಮದ ಪ್ರಶ್ನೆಯಾಗುತ್ತದೆ. ತಪ್ಪು ಕಾಣುವುದು ಕಣ್ಣಿನ ಸ್ವಭಾವ, ಅದಕ್ಕೆ ಯಾರೂ ಹೊಣೆಯಲ್ಲ. ದೀಪ ತರುವುದಕ್ಕೆ ಮೊದಲೇ ದೊಣ್ಣೆ ಎತ್ತಿದ್ದಕ್ಕೆ ಹೊಣೆಯುಂಟು. ನನ್ನ ತಪ್ಪಿನಿಂದ ಇನ್ನೊಬ್ಬನಿಗೆ ಆಗಬಹುದಾದ ಹಾನಿ ಎಷ್ಟು ದೊಡ್ಡದೋ, ಹತ್ತಿರ ಹೋಗಿ ನೋಡಬೇಕಾದ ನನ್ನ ಕರ್ತವ್ಯವೂ ಅಷ್ಟೇ ದೊಡ್ಡದು.

ಇನ್ನೊಂದು ಮಾತಿದೆ, ಹೇಳಲು ಸ್ವಲ್ಪ ಸಂಕೋಚ. ನಾವು ನೋಡುವುದು ಎಲೆಯನ್ನೇ ಎಂಬುದೂ ಪೂರ್ತಿ ನಿಜವಲ್ಲ. ನಮ್ಮ ಬಡಾವಣೆಯಲ್ಲಿ ನಿವೃತ್ತ ಮೇಷ್ಟರೊಬ್ಬರ ಅಂಗಳದಲ್ಲಿ ಕ್ಲಿಯೋಮ್ ಸಾಲಾಗಿ ಬೆಳೆದಿತ್ತು. ಹೂ ಬರುವ ಮೊದಲು ಅದರ ಎಲೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಒಬ್ಬರೂ ಒಂದು ಮಾತು ಆಡಲಿಲ್ಲ. ಅವರಿಂದಲೇ ಬೀಜ ತೆಗೆದುಕೊಂಡು, ಎದುರು ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗನೊಬ್ಬ ಎರಡು ಕುಂಡಗಳಲ್ಲಿ ಹಾಕಿದ. ದೂರದ ಊರಿನವನು, ಒಂಟಿ, ಕೂದಲು ಉದ್ದ ಬಿಟ್ಟವನು, ರಾತ್ರಿ ಹೊತ್ತುಮೀರಿ ಬರುವವನು. ಹದಿನೈದು ದಿನದಲ್ಲಿ ಬೀದಿಯಲ್ಲೆಲ್ಲ ಪಿಸುಮಾತು. ಮನೆಯೊಡತಿ, “ನೋಡಪ್ಪಾ, ನಮಗೇಕೆ ಇಲ್ಲದ ಉಸಾಬರಿ, ನೀನು ಬೇರೆ ಕಡೆ ನೋಡಿಕೋ” ಎಂದರು. ಮೇಷ್ಟರು ಹೋಗಿ ವಿಷಯ ತಿಳಿಸಿದಾಗ, “ಇರಬಹುದು ಮೇಷ್ಟ್ರೇ, ಆದರೂ...” ಎಂದರಂತೆ. ಹುಡುಗ ತಿಂಗಳ ಕೊನೆಗೆ ಕೋಣೆ ಬಿಟ್ಟ. ಕುಂಡಗಳನ್ನು ಮೇಷ್ಟರ ಅಂಗಳದಲ್ಲಿಟ್ಟು ಹೋದ.

ಆ ‘ಆದರೂ’ ಎಂಬ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಬೀಜ ಒಂದೇ, ಎಲೆ ಒಂದೇ, ಕುಂಡ ಬೇರೆ. ಗಿಡದ ಮೇಲಿನ ಸಂಶಯ ನಿವಾರಣೆಯಾದ ಮೇಲೂ ಉಳಿಯಿತೆಂದರೆ ಅದು ಮೊದಲಿನಿಂದಲೂ ಗಿಡದ ಮೇಲೆ ಇರಲಿಲ್ಲ. ಎಲೆ ಬರಿಯ ನೆಪ.

ಇದಕ್ಕೆ ಎದುರುಮಾತು ಇಲ್ಲವೆ? ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾದಕ ವಸ್ತುಗಳ ಚಟ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂಬುದನ್ನು ಬಲ್ಲ ತಂದೆತಾಯಿಗಳು, ‘ನಿಮ್ಮ ತರ್ಕ ನಿಮಗಿರಲಿ, ಎಚ್ಚರ ತಪ್ಪಿದರೆ ಕೆಡುವವರು ನಮ್ಮ ಮಕ್ಕಳು’ ಎನ್ನಬಹುದು. ಎಲ್ಲರೂ ಖಚಿತವಾಗುವವರೆಗೆ ಸುಮ್ಮನಿದ್ದರೆ ಯಾವ ಅಪರಾಧವೂ ಬೆಳಕಿಗೆ ಬಾರದು ಎಂಬುದೂ ನಿಜ. ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ನೋಡುವುದಕ್ಕೆ ಬೇಸರಪಡುವವನ ಎಚ್ಚರ ಎಚ್ಚರವೇ ಅಲ್ಲ ಎಂದಷ್ಟೇ ಹೇಳುತ್ತೇನೆ. ಅದರಲ್ಲಿಯೂ ಗಿಡದ ವಿಷಯದಲ್ಲಿ ಆತುರಕ್ಕೆ ಕಾರಣವೇನು? ಕಳ್ಳ ಓಡಿಹೋಗುತ್ತಾನೆ, ಗಿಡ ಓಡುವುದಿಲ್ಲ. ಇವೊತ್ತು ಕಂಡದ್ದು ನಾಳೆಯೂ ಅಲ್ಲಿಯೇ ಇರುತ್ತದೆ, ಇನ್ನೊಂದು ಎಲೆ ಹೆಚ್ಚಾಗಿ ಇರುತ್ತದೆ. ತಿಳಿದವರನ್ನು ಕರೆತಂದು ತೋರಿಸುವುದಕ್ಕೆ ಕಾಲವಿದೆ. ಕಾನ್ಸಸಿನ ಆ ಎಲೆಗಳನ್ನು ಮನೆಗೆ ನುಗ್ಗುವ ಮೊದಲು ಪ್ರಯೋಗಶಾಲೆಗೆ ಕಳಿಸಿದ್ದರೆ ಸಾಕಾಗಿತ್ತು. ಕಳಿಸಿದ್ದು ನುಗ್ಗಿದ ಮೇಲೆ.

ತಪ್ಪಾದ ಮೇಲೆ ಕ್ಷಮೆ ಕೇಳಿದರೆ ಸಾಲದೆ ಎನ್ನುವವರುಂಟು. ಜಾರ್ಜಿಯಾದವರು ಕೇಳಿದರು, ಅಷ್ಟರ ಮಟ್ಟಿಗೆ ಅವರು ದೊಡ್ಡವರು. ಆದರೆ ಕ್ಷಮೆ ಕೇಳುವುದು ಮನೆಬಾಗಿಲಲ್ಲಿ, ಒಬ್ಬನ ಕಿವಿಗೆ. ಸಂಶಯ ಹರಡಿರುವುದು ಬೀದಿಯಲ್ಲೆಲ್ಲ. ಆಯುಧ ಹಿಡಿದವರು ಬಂದದ್ದನ್ನು ಕಂಡ ನೆರೆಹೊರೆಯವರೆಲ್ಲ ಕ್ಷಮೆ ಕೇಳಿದ್ದನ್ನು ಕೇಳಿರುವುದಿಲ್ಲ. ಆದ್ದರಿಂದ ಸಂಶಯವನ್ನು ನಾಲ್ಕು ಜನರ ಮುಂದೆ ಆಡಿದವನು ಅದು ಸುಳ್ಳಾಯಿತೆಂಬುದನ್ನೂ ಆ ನಾಲ್ಕು ಜನರ ಮುಂದೆಯೇ ಹೇಳಬೇಕು. ಇಷ್ಟಾದರೂ ಸಾಲ ಪೂರ್ತಿ ತೀರಿತೆಂದು ಹೇಳಲಾರೆ.

ಇಷ್ಟೆಲ್ಲ ವಿಚಾರದ ಬದಲು ಇನ್ನೊಂದು ಸರಳ ಉಪಾಯ ನಮ್ಮ ಬೀದಿಗಳಲ್ಲಿಯೇ ಇದೆ. ನಮ್ಮ ಹೆಂಗಸರಿಗೆ ಅದು ಚೆನ್ನಾಗಿ ಗೊತ್ತು. ಪಕ್ಕದ ಮನೆಯಲ್ಲಿ ಗೊತ್ತಿಲ್ಲದ ಗಿಡ ಕಂಡರೆ ಅವರು ಕಾಂಪೌಂಡಿನ ಹತ್ತಿರ ನಿಂತು, “ಇದು ಯಾವ ಗಿಡ ರೀ? ಹೂ ಬಿಡುತ್ತದೆಯೆ? ಒಂದು ಕಡ್ಡಿ ಕೊಡುತ್ತೀರಾ?” ಎಂದು ಕೇಳುತ್ತಾರೆ. ಗಿಡ ಬೆಳೆಸಿದವರಿಗೆ ಅದರ ವಿಷಯ ಹೇಳುವುದಕ್ಕಿಂತ ಸಂತೋಷ ಬೇರೆ ಉಂಟೆ? ಬಚ್ಚಿಡಬೇಕಾದದ್ದು ಏನಾದರೂ ಇದ್ದರೆ ಅದೂ ಅವರು ಉತ್ತರ ಹೇಳುವ ರೀತಿಯಲ್ಲಿ ಗೊತ್ತಾಗದೆ ಇರದು. ಆ ಮಹಡಿಯ ಹುಡುಗನನ್ನು ನಮ್ಮ ಬೀದಿಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಅವನು ನಾಲ್ಕು ಬೀಜ ಕೊಡುತ್ತಿದ್ದನೇನೊ.